ಕೂಸಿಗೆ ಮುನ್ನವೇ ಕುಲಾವಿ: ಐಫೋನ್ ಕಾರ್ಖಾನೆಯೂ ನಮ್ಮ ಕಾನೂನುಗಳೂ

2023ರ ಮಾರ್ಚ್ 2ರಂದು, ಆ್ಯಪಲ್‌ಗೆ ಐಫೋನ್ ಜೋಡಿಸಿಕೊಡುವ ತೈವಾನಿನ ಫಾಕ್ಸ್‌ಕಾನ್ ಕಂಪನಿಯ ಅಧ್ಯಕ್ಷ ಯಂಗ್ ಲಿಯು ಹೈದರಾಬಾದಿನಲ್ಲಿ ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರನ್ನು ಕಂಡರು. ತೆಲಂಗಾಣಕ್ಕೆ ಒಂದು ಲಕ್ಷ ಉದ್ಯೋಗ ಬರಲಿದೆ ಎಂದು ಅಲ್ಲಿನ ಸರ್ಕಾರ ಸಾರಿತು. ಮರುದಿನ ಅದೇ ಅಧ್ಯಕ್ಷರು ಬೆಂಗಳೂರಿನಲ್ಲಿದ್ದರು. ಕರ್ನಾಟಕಕ್ಕೆ ಒಂದು ಲಕ್ಷ ಉದ್ಯೋಗ ಬರಲಿದೆ ಎಂದು ಬಸವರಾಜ ಬೊಮ್ಮಾಯಿ ಸರ್ಕಾರವೂ ಸಾರಿತು. ಅದರ ಮರುದಿನ ಕಂಪನಿಯಿಂದ ಚಿಕ್ಕದೊಂದು ಹೇಳಿಕೆ ಹೊರಬಿತ್ತು: ಈ ಪ್ರವಾಸದಲ್ಲಿ ಹೊಸ ಹೂಡಿಕೆಯ ಬಗ್ಗೆ ನಾವು ಯಾವ ಖಚಿತ ಒಪ್ಪಂದವನ್ನೂ ಮಾಡಿಕೊಂಡಿಲ್ಲ.

ಎರಡು ಸರ್ಕಾರಗಳಿಗೂ ಮುಜುಗರವಾಯಿತು, ವಿರೋಧ ಪಕ್ಷಗಳು ನಕ್ಕವು, ವಾರದಲ್ಲಿ ಎಲ್ಲರೂ ಮರೆತರು. ಆದರೆ ಅದಕ್ಕೂ ಒಂದು ವಾರ ಹಿಂದೆ ನಡೆದದ್ದನ್ನು ಮರೆಯುವಂತಿಲ್ಲ. ಫೆಬ್ರುವರಿ ಕೊನೆಯ ವಾರದಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ದಿನದ ಕೆಲಸದ ಅವಧಿಯನ್ನು 9 ಗಂಟೆಯಿಂದ 12 ಗಂಟೆಯವರೆಗೆ ಹಿಗ್ಗಿಸಲು ಅನುವು ಮಾಡಿಕೊಟ್ಟಿತ್ತು. ಆ್ಯಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳು ಈ ಬದಲಾವಣೆಗಾಗಿ ಒತ್ತಾಯಿಸಿದ್ದವು ಎಂದು ಬ್ರಿಟನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಮಾರ್ಚ್‌ನಲ್ಲಿ ವರದಿ ಮಾಡಿತು. ಘಟನೆಗಳ ಸರದಿಯನ್ನು ಗಮನಿಸಿ: ಮೊದಲು ಕಾನೂನು, ಆಮೇಲೆ ಅತಿಥಿ, ಕೊನೆಗೆ ‘ಒಪ್ಪಂದವೇನೂ ಆಗಿಲ್ಲ’ ಎಂಬ ಮಾತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರ ಗಾದೆ ನಮ್ಮಲ್ಲಿದೆ. ಇಲ್ಲಿ ಕುಲಾವಿ ಹೊಲಿಯಲು ಬಳಸಿದ ಬಟ್ಟೆ ಕಾರ್ಮಿಕರದು.

ಬಹುರಾಷ್ಟ್ರೀಯ ಕಂಪನಿಗಳು ದೇಶಗಳ ಆರ್ಥಿಕ ನೀತಿಯನ್ನು ‘ಕೊಂಡುಕೊಳ್ಳುತ್ತವೆ’ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಐಫೋನ್ ಭಾರತಕ್ಕೆ ಬಂದ ಕಥೆಯನ್ನು ಹತ್ತಿರದಿಂದ ನೋಡಿದರೆ ಅಷ್ಟು ಸರಳವಾದ ಚಿತ್ರ ಕಾಣುವುದಿಲ್ಲ. ಒಂದೇ ಕಂಪನಿಗಾಗಿ ಹಲವು ನಿಯಮಗಳು ಬದಲಾದವು ನಿಜ. ಆದರೆ ಎಲ್ಲವೂ ಒಂದೇ ರೀತಿಯಲ್ಲಿ ಬದಲಾಗಲಿಲ್ಲ. ಕೆಲವನ್ನು ಸರ್ಕಾರ ಚೌಕಾಸಿ ಮಾಡಿ ಕೊಟ್ಟಿತು, ಇನ್ನು ಕೆಲವನ್ನು ಸುಮ್ಮನೆ ಎತ್ತಿಕೊಟ್ಟಿತು. ಯಾವುದನ್ನು ಹೇಗೆ ಕೊಟ್ಟಿತು ಎಂಬುದರಲ್ಲಿಯೇ ವಿಷಯವಿದೆ.

ಚೌಕಾಸಿಯಿಂದಲೇ ಆರಂಭಿಸೋಣ. ಒಂದೇ ಬ್ರ್ಯಾಂಡ್ ಮಾರುವ ಚಿಲ್ಲರೆ ಅಂಗಡಿಗಳಲ್ಲಿ ಶೇ 100ರಷ್ಟು ವಿದೇಶಿ ಬಂಡವಾಳಕ್ಕೆ 2012ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಜೊತೆಗೆ ಒಂದು ಷರತ್ತು: ಮಾರುವ ಸರಕಿನ ಮೌಲ್ಯದ ಶೇ 30ರಷ್ಟನ್ನು ಭಾರತದಲ್ಲಿಯೇ ಖರೀದಿಸಬೇಕು, ಅದೂ ಸಣ್ಣ ಉದ್ದಿಮೆಗಳಿಂದ. ಸ್ವೀಡನ್ನಿನ ಪೀಠೋಪಕರಣ ಕಂಪನಿ ಐಕಿಯಾ ಗೊಣಗಿತು. ಕೆಲವೇ ತಿಂಗಳಲ್ಲಿ ‘ಸಣ್ಣ ಉದ್ದಿಮೆಗಳಿಂದಲೇ’ ಎಂಬುದು ‘ಸಾಧ್ಯವಾದಷ್ಟು ಸಣ್ಣ ಉದ್ದಿಮೆಗಳಿಂದ’ ಎಂದಾಯಿತು. ಬೆಂಗಳೂರಿನ ನಾಗಸಂದ್ರದಲ್ಲಿ ಇಂದು ವಾರಾಂತ್ಯಕ್ಕೆ ಜನ ಮುಗಿಬೀಳುವ ಆ ದೊಡ್ಡ ಅಂಗಡಿಯ ಹಿಂದೆ ಹೀಗೊಂದು ಪದದ ತಿದ್ದುಪಡಿ ಇದೆ.

ಆ್ಯಪಲ್‌ಗೆ ಈ ಶೇ 30 ಇನ್ನೂ ದೊಡ್ಡ ತಲೆನೋವು, ಏಕೆಂದರೆ ಅದರ ಸರಕು ಬಹುಮಟ್ಟಿಗೆ ಚೀನಾದಲ್ಲಿ ತಯಾರಾಗುತ್ತಿತ್ತು. 2016ರಲ್ಲಿ ವಿನಾಯಿತಿ ಕೇಳಿತು. ಹಣಕಾಸು ಸಚಿವಾಲಯ ಒಪ್ಪಲಿಲ್ಲ. ಬಳಸಿದ ಫೋನುಗಳನ್ನು ದುರಸ್ತಿ ಮಾಡಿ ಇಲ್ಲಿಗೆ ತಂದು ಮಾರುತ್ತೇವೆ ಎಂದಿತು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಬಿಡಿಭಾಗಗಳ ಮೇಲೆ ದೀರ್ಘಾವಧಿಯ ಸುಂಕ ವಿನಾಯಿತಿ ಬೇಕೆಂದು ಬೇಡಿಕೆಗಳ ಪಟ್ಟಿ ಕೊಟ್ಟಿತು. ಪಟ್ಟಿ ಇಡಿಯಾಗಿ ಒಪ್ಪಿತವಾಗಲಿಲ್ಲ. ಬದಲಿಗೆ ಕೇಂದ್ರ ಸರ್ಕಾರ ಸುಂಕದ ಬೆತ್ತವನ್ನು ಎತ್ತಿಕೊಂಡಿತು. 2017ರ ಜುಲೈನಲ್ಲಿ ಆಮದು ಮೊಬೈಲ್ ಮೇಲೆ ಶೇ 10ರಷ್ಟು ಮೂಲ ಸೀಮಾಸುಂಕ ಬಿತ್ತು. ಅದೇ ಡಿಸೆಂಬರ್‌ನಲ್ಲಿ ಅದು ಶೇ 15 ಆಯಿತು, 2018ರ ಬಜೆಟ್‌ನಲ್ಲಿ ಶೇ 20. ಇಲ್ಲಿ ಮಾರಬೇಕೆಂದರೆ ಇಲ್ಲೇ ಜೋಡಿಸಿ ಎಂಬುದು ಸಂದೇಶ. 2017ರ ಮೇ ಹೊತ್ತಿಗೆ ಬೆಂಗಳೂರಿನ ಪೀಣ್ಯದಲ್ಲಿ ತೈವಾನಿನ ಇನ್ನೊಂದು ಕಂಪನಿ ವಿಸ್ಟ್ರಾನ್ ಐಫೋನ್ ಎಸ್‌ಇ ಜೋಡಿಸಲು ಆರಂಭಿಸಿಯೂ ಆಗಿತ್ತು. (ಈ ಸುಂಕ ಬಿಟ್ಟಿಯಾಗಿ ಬಂದದ್ದಲ್ಲ. ಐರೋಪ್ಯ ಒಕ್ಕೂಟ, ಜಪಾನ್ ಮತ್ತು ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸಮಿತಿ ಭಾರತದ ವಿರುದ್ಧ ತೀರ್ಪಿತ್ತಿತು.)

ಇಷ್ಟಾದ ಮೇಲೆ, 2019ರ ಆಗಸ್ಟ್‌ನಲ್ಲಿ, ಶೇ 30ರ ಷರತ್ತು ಸಡಿಲವಾಯಿತು. ಭಾರತದಲ್ಲಿ ಖರೀದಿಸಿ ರಫ್ತು ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ, ಗುತ್ತಿಗೆ ತಯಾರಕರ ಮೂಲಕ ಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ, ಅಂಗಡಿ ತೆರೆಯುವ ಮೊದಲೇ ಆನ್‌ಲೈನ್‌ನಲ್ಲಿ ಮಾರಬಹುದು. ಆ್ಯಪಲ್ ಅಳತೆಗೇ ಹೊಲಿದ ಅಂಗಿ ಇದು, ಮುಚ್ಚುಮರೆ ಏನೂ ಇಲ್ಲ. ಆದರೂ ಕೊಡುವ ಮುನ್ನ ಸರ್ಕಾರ ಮೂರು ವರ್ಷ ಕಾಯಿಸಿತು, ಕಾರ್ಖಾನೆಯನ್ನು ಕಣ್ಣಾರೆ ಕಂಡಿತು. ಆ್ಯಪಲ್‌ನ ಆನ್‌ಲೈನ್ ಅಂಗಡಿ 2020ರಲ್ಲಿ, ಮುಂಬೈ ಮತ್ತು ದಿಲ್ಲಿಯ ಅಂಗಡಿಗಳು 2023ರ ಏಪ್ರಿಲ್‌ನಲ್ಲಿ ತೆರೆದವು.

2020ರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯೂ, ಅಂದರೆ ಪಿಎಲ್‌ಐ, ಇದೇ ಜಾತಿಯದು. ಮೊಬೈಲ್ ತಯಾರಿಕೆಗೆಂದು ಐದು ವರ್ಷಗಳಿಗೆ ಸುಮಾರು 41 ಸಾವಿರ ಕೋಟಿ ರೂಪಾಯಿ ತೆಗೆದಿಟ್ಟರು. 2019–20ನೇ ಸಾಲಿಗಿಂತ ಎಷ್ಟು ಹೆಚ್ಚು ಮಾರಿದಿರೋ ಅದರ ಶೇ 4ರಿಂದ 6ರಷ್ಟನ್ನು ಸರ್ಕಾರ ಕೊಡುವ ಏರ್ಪಾಡು. ವಿದೇಶಿ ಕಂಪನಿಗಳ ವಿಭಾಗದಲ್ಲಿ 15 ಸಾವಿರ ರೂಪಾಯಿ ಮೇಲ್ಪಟ್ಟ ಫೋನುಗಳಿಗೆ ಮಾತ್ರ ಈ ಲಾಭ. ಆ ವಿಭಾಗದಲ್ಲಿ ಆಯ್ಕೆಯಾದ ಐದರಲ್ಲಿ ಮೂರು, ಅಂದರೆ ಫಾಕ್ಸ್‌ಕಾನ್, ವಿಸ್ಟ್ರಾನ್, ಪೆಗಾಟ್ರಾನ್, ಆ್ಯಪಲ್‌ನ ಗುತ್ತಿಗೆದಾರರು. ಮೊದಲ ವರ್ಷ ಕೋವಿಡ್‌ನಿಂದ ಗುರಿ ತಪ್ಪಿದಾಗ ಸರ್ಕಾರ ಅವಧಿಯನ್ನು ಒಂದು ವರ್ಷ ಹಿಗ್ಗಿಸಿತು. ಬಿಡಿಭಾಗ ತರಿಸಿ ಜೋಡಿಸುವುದಕ್ಕೇ ದುಡ್ಡು ಕೊಟ್ಟಂತಾಗಿದೆ, ದೇಶದಲ್ಲಿ ಉಳಿಯುವ ಮೌಲ್ಯ ಕಡಿಮೆ ಎಂದು ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ 2023ರಲ್ಲಿ ತಕರಾರು ತೆಗೆದರು. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅದನ್ನು ಅಲ್ಲಗಳೆದರು. ಆ ವಾದ ಇನ್ನೂ ಮುಗಿದಿಲ್ಲ. ಆದರೂ ಯೋಜನೆಯಲ್ಲಿ ಒಂದು ಶಿಸ್ತು ಇತ್ತು: ಇಷ್ಟು ಹೂಡು, ಇಷ್ಟು ಮಾರು, ಲೆಕ್ಕ ತೋರಿಸು, ಆಮೇಲೆ ಹಣ. 2024–25ರಲ್ಲಿ ಭಾರತದಿಂದ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ ಮೌಲ್ಯದ ಐಫೋನ್ ರಫ್ತಾಯಿತು ಎಂದು ವೈಷ್ಣವ್ ಹೇಳಿದ್ದಾರೆ. ಹತ್ತು ವರ್ಷದ ಹಿಂದೆ ಹೀಗೆಂದು ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಹಿಂದೊಂದು ಕಾಲದಲ್ಲಿ ಇದಕ್ಕಿಂತ ಗಟ್ಟಿ ಧ್ವನಿಯೂ ಕೇಳಿಸಿತ್ತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ, ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬ ನಿಯಮಕ್ಕೆ ಒಗ್ಗದ ಕೋಕಾ ಕೋಲಾ 1977ರಲ್ಲೂ ಐಬಿಎಂ 1978ರಲ್ಲೂ ಗಂಟುಮೂಟೆ ಕಟ್ಟಿದವು. ಅದನ್ನು ನೆನೆದು ಎದೆ ಉಬ್ಬಿಸುವವರಿದ್ದಾರೆ. ಆದರೆ ಅಂದಿನ ಭಾರತದ ಮಾರುಕಟ್ಟೆ ಬಿಟ್ಟುಹೋಗಲು ಸುಲಭವಾದಷ್ಟು ಚಿಕ್ಕದಿತ್ತು ಎಂಬುದನ್ನೂ ನೆನೆಯಬೇಕು. ಇಂದಿನ ಸರ್ಕಾರಕ್ಕೆ ಅಂದಿಗಿಂತ ದೊಡ್ಡ ಮಾರುಕಟ್ಟೆ ಕೈಯಲ್ಲಿದೆ, ಅಂದಿಗಿಂತ ಹೆಚ್ಚು ನಿರುದ್ಯೋಗಿ ಪದವೀಧರರೂ ಬಾಗಿಲಲ್ಲಿದ್ದಾರೆ. ಚೌಕಾಸಿಯ ಬಲ ಮತ್ತು ಚೌಕಾಸಿಯ ದೌರ್ಬಲ್ಯ ಎರಡೂ ಒಟ್ಟಿಗೇ ಬೆಳೆದಿವೆ.

ಈಗ ಕೋಲಾರಕ್ಕೆ ಬರೋಣ. 2020ರ ಡಿಸೆಂಬರ್ 12ರ ನಸುಕಿನಲ್ಲಿ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಸಂಬಳ ಸರಿಯಾಗಿ ಬರುತ್ತಿಲ್ಲ, ಹೇಳಿದಷ್ಟು ಕೊಡುತ್ತಿಲ್ಲ, 12 ಗಂಟೆಯ ಪಾಳಿಗೆ ತಕ್ಕ ಲೆಕ್ಕ ಸಿಗುತ್ತಿಲ್ಲ ಎಂಬುದು ಅವರ ದೂರು. ಅವರಲ್ಲಿ ಬಹುಪಾಲು ಗುತ್ತಿಗೆ ಕಾರ್ಮಿಕರು. ಕಂಪನಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟವನ್ನು 437 ಕೋಟಿ ರೂಪಾಯಿ ಎಂದು ಬರೆದಿತ್ತು. ತೈವಾನಿನ ಷೇರುಪೇಟೆಗೆ ತಿಳಿಸುವಾಗ ಅದೇ ನಷ್ಟ ಹತ್ತಾರು ಕೋಟಿಗೆ ಇಳಿಯಿತು. (ಒಂದೇ ಗಾಜಿಗೆ ಎರಡು ಬೆಲೆ!) ನೂರೈವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲೂ ವೇತನ ಮತ್ತು ಕೆಲಸದ ಅವಧಿಯ ನಿಯಮಗಳ ಉಲ್ಲಂಘನೆ ಕಂಡಿತು. ಸಿಬ್ಬಂದಿ ಸಂಖ್ಯೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಗಿದ್ದರೂ ಅವರ ಹಾಜರಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ವಿಸ್ಟ್ರಾನ್ ಕ್ಷಮೆ ಕೇಳಿತು, ತನ್ನ ಹಿರಿಯ ಅಧಿಕಾರಿಯನ್ನು ತೆಗೆಯಿತು. ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು.

ಇಂಥ ಘಟನೆ ನಡೆದ ರಾಜ್ಯದಲ್ಲಿ ಮುಂದೆ ಏನಾಗಬೇಕಿತ್ತು? ತಪಾಸಣಾಧಿಕಾರಿಗಳು ಹೆಚ್ಚಬೇಕಿತ್ತು, ಗುತ್ತಿಗೆ ಏಜೆನ್ಸಿಗಳ ಮೇಲೆ ಹಿಡಿತ ಬಿಗಿಯಾಗಬೇಕಿತ್ತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಎರಡು ವರ್ಷದ ಬಳಿಕ ಆದದ್ದು ಬೇರೆ: ಯಾವ 12 ಗಂಟೆಯ ಪಾಳಿ ಜಗಳದ ಒಂದು ಕಾರಣವಾಗಿತ್ತೋ ಅದೇ ಕಾನೂನಿನೊಳಗೆ ಬಂದು ಕುಳಿತಿತು.

ಈ ತಿದ್ದುಪಡಿಯ ಒಳಗಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಮರ್ಥಕರು ಹೇಳುವುದು ಹೀಗೆ: ವಾರದ ಮಿತಿ 48 ಗಂಟೆಯೇ ಉಳಿದಿದೆ, ನಾಲ್ಕು ದಿನ 12 ಗಂಟೆ ದುಡಿದರೆ ಮೂರು ದಿನ ರಜೆ, ಕಾರ್ಮಿಕನಿಗೆ ನಷ್ಟವೇನು? ಕೇಳಲು ಸೊಗಸಾಗಿದೆ. ಆದರೆ ಅದೇ ತಿದ್ದುಪಡಿ ಮೂರು ತಿಂಗಳಲ್ಲಿ ಮಾಡಿಸಬಹುದಾದ ಹೆಚ್ಚುವರಿ ದುಡಿಮೆಯನ್ನು 75 ಗಂಟೆಯಿಂದ 145 ಗಂಟೆಗೆ ಏರಿಸಿತು. ಮೂರು ತಿಂಗಳೆಂದರೆ 13 ವಾರ. 145ನ್ನು 13ರಿಂದ ಭಾಗಿಸಿದರೆ ವಾರಕ್ಕೆ 11 ಗಂಟೆ ಚಿಲ್ಲರೆ. 48ಕ್ಕೆ 11 ಕೂಡಿಸಿ, 59. ಹಳೆಯ ಮಿತಿಯಲ್ಲಿ ಇದೇ ಲೆಕ್ಕ 54ರ ಒಳಗೆ ನಿಲ್ಲುತ್ತಿತ್ತು. ಈಗ ಇನ್ನೊಂದು ಸಂಖ್ಯೆ ನೋಡಿ. ಆ್ಯಪಲ್ ತನ್ನ ಪೂರೈಕೆದಾರರಿಗೆ ವಿಧಿಸಿರುವ ನೀತಿಸಂಹಿತೆಯ ಪ್ರಕಾರ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಹೆಚ್ಚುವರಿ ದುಡಿಮೆಯೂ ಸೇರಿ ವಾರದ ಗರಿಷ್ಠ ಅವಧಿ 60 ಗಂಟೆ. ಐದು ದಿನದ 12 ಗಂಟೆ ಪಾಳಿ ಅಂದರೂ 60.

ಇದನ್ನು ನಾನು ಪಿತೂರಿಯ ಸಾಕ್ಷ್ಯ ಎನ್ನುತ್ತಿಲ್ಲ. 145 ಎಂಬ ಅಂಕಿ ಬೇರೆ ಎಲ್ಲಿಂದಲೋ ಬಂದಿರಬಹುದು. ಆದರೆ ಫಲಿತಾಂಶ ಇಷ್ಟು: ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಒಳನಿಯಮ ಮತ್ತು ಕರ್ನಾಟಕದ ಕಾನೂನು ಆಗ ಒಂದು ಗಂಟೆಯ ಅಂತರದಲ್ಲಿ ಅಕ್ಕಪಕ್ಕ ನಿಂತವು. ಹಿಂದೆ ನಮ್ಮ ಕಾನೂನು ಅವರ ನಿಯಮಕ್ಕಿಂತ ಆರೇಳು ಗಂಟೆ ಹೆಚ್ಚು ಬಿಗಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಹೊಸ ಮಾದರಿ ಬಿಡುಗಡೆಯಾಗುವ ಮುನ್ನ ಜೋಡಣಾ ಸಾಲುಗಳು ಹಗಲಿರುಳು ಓಡಬೇಕು. ಪಾಳಿ ಬದಲಾವಣೆ ಮೂರರ ಬದಲು ಎರಡಾದರೆ ಬಸ್ಸಿನ ಸುತ್ತು, ಗೇಟಿನ ತಪಾಸಣೆ, ಯಂತ್ರ ನಿಲ್ಲುವ ಹೊತ್ತು ಎಲ್ಲವೂ ಕಡಿಮೆಯಾಗುತ್ತವೆ. ಚೀನಾದಲ್ಲಿ ರೂಢಿಯಾದ ಪದ್ಧತಿ ಇದು. ಕಂಪನಿ ತನಗೆ ಅನುಕೂಲವಾದದ್ದನ್ನು ಕೇಳುವುದರಲ್ಲಿ ಅಚ್ಚರಿಯಿಲ್ಲ, ಕೇಳುವುದೇ ಅದರ ಕೆಲಸ. 12 ಗಂಟೆಯ ದುಡಿಮೆಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂದು ತಿದ್ದುಪಡಿ ಹೇಳಿತು. ಏಜೆನ್ಸಿಯ ಮೂಲಕ ಬಂದ ಇಪ್ಪತ್ತರ ಹುಡುಗಿ ‘ಒಪ್ಪುವುದಿಲ್ಲ’ ಎಂದು ಬರೆದುಕೊಟ್ಟರೆ ಮುಂದಿನ ತಿಂಗಳು ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆಯೇ ಎಂಬುದನ್ನು ಮಾತ್ರ ಅದು ಹೇಳಲಿಲ್ಲ.

ನನಗೆ ಹೆಚ್ಚು ಕಾಡುವುದು ಬದಲಿಗೆ ನಾವೇನು ಪಡೆದೆವು ಎಂಬ ಪ್ರಶ್ನೆ. ಪಿಎಲ್‌ಐನಲ್ಲಿ ಗುರಿ ಇತ್ತು, ಗಡುವು ಇತ್ತು. ಶೇ 30ರ ಸಡಿಲಿಕೆಗೆ ಮುಂಚೆ ಕಾರ್ಖಾನೆ ಬಂದಿತ್ತು. ಕೆಲಸದ ಗಂಟೆಯ ತಿದ್ದುಪಡಿಯಲ್ಲಿ ಇಷ್ಟು ಜನರನ್ನು ಕಾಯಂ ಮಾಡಬೇಕು ಎಂದಿಲ್ಲ, ಮೂರು ವರ್ಷದ ಬಳಿಕ ಪರಿಶೀಲಿಸುತ್ತೇವೆ ಎಂದಿಲ್ಲ, ಇಂಥ ಉದ್ದಿಮೆಗೆ ಮಾತ್ರ ಎಂದೂ ಇಲ್ಲ. ಐಫೋನ್‌ಗಾಗಿ ತೆರೆದ ಬಾಗಿಲಿನಲ್ಲಿ ರಾಜ್ಯದ ಇತರ ಕಾರ್ಖಾನೆಗಳೂ ನುಗ್ಗಬಹುದು. ಬೊಕ್ಕಸದ ಹಣ ಕೊಡುವಾಗ ಹಣಕಾಸು ಇಲಾಖೆ ರಸೀದಿ ಕೇಳುತ್ತದೆ. ಕಾರ್ಮಿಕರ ಗಂಟೆಗಳನ್ನು ಕೊಡುವಾಗ ಯಾವ ಇಲಾಖೆಯೂ ಕೇಳುವುದಿಲ್ಲ, ಏಕೆಂದರೆ ಅದು ಯಾರ ಆಯವ್ಯಯದಲ್ಲೂ ಖರ್ಚಾಗಿ ಕಾಣುವುದಿಲ್ಲ.

ತಮಿಳುನಾಡಿನಲ್ಲಿ ಬೇರೆ ಆಯಿತು. 2023ರ ಏಪ್ರಿಲ್ 21ರಂದು ಅಲ್ಲಿನ ವಿಧಾನಸಭೆಯೂ ಇಂಥದೇ ಮಸೂದೆಯನ್ನು ಧ್ವನಿಮತದಿಂದ ಅಂಗೀಕರಿಸಿತು. ಆಡಳಿತ ಪಕ್ಷ ಡಿಎಂಕೆಯ ಮಿತ್ರಪಕ್ಷಗಳೇ ಸಭಾತ್ಯಾಗ ಮಾಡಿದವು. ಕಾರ್ಮಿಕ ಸಂಘಗಳು ಮುಷ್ಕರದ ಮಾತೆತ್ತಿದವು. ಮೂರೇ ದಿನದಲ್ಲಿ ಮಸೂದೆ ತಡೆಹಿಡಿದ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್, ಮೇ ದಿನದಂದು ಅದನ್ನು ಹಿಂಪಡೆದದ್ದಾಗಿ ಘೋಷಿಸಿದರು. ಆಮೇಲೆ ಫಾಕ್ಸ್‌ಕಾನ್ ಶ್ರೀಪೆರಂಬದೂರಿನಿಂದ ಓಡಿಹೋಯಿತೇ? ಇಲ್ಲ. ಅಲ್ಲಿನ ಕಾರ್ಖಾನೆ ಇಂದಿಗೂ ದೇಶದ ದೊಡ್ಡ ಐಫೋನ್ ಕೇಂದ್ರಗಳಲ್ಲಿ ಒಂದು. 12 ಗಂಟೆ ಕೊಡದಿದ್ದರೆ ಹೂಡಿಕೆ ಬರುವುದಿಲ್ಲ ಎಂಬ ಹೆದರಿಕೆಗೆ ನೆರೆಮನೆಯಲ್ಲೇ ಉತ್ತರವಿತ್ತು.

ನಮ್ಮಲ್ಲೂ ತಡೆಯುವ ಶಕ್ತಿ ಇರಲಿಲ್ಲವೆಂದಲ್ಲ. 2020ರ ಮೇ ತಿಂಗಳಲ್ಲಿ ಕೋವಿಡ್ ನೆಪದಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಹೊರಡಿಸಿದ್ದ ಅಧಿಸೂಚನೆಯನ್ನು, ಕಾರ್ಮಿಕ ಸಂಘಟನೆ ಹೈಕೋರ್ಟ್‌ಗೆ ಹೋದ ಮೇಲೆ, ರಾಜ್ಯ ಸರ್ಕಾರ ಜೂನ್‌ನಲ್ಲಿ ವಾಪಸ್ ಪಡೆದಿತ್ತು. 2023ರಲ್ಲಿ ಮಾತ್ರ ಚುನಾವಣೆಯ ಹೊಸ್ತಿಲಲ್ಲಿ, ಹೆಚ್ಚು ಚರ್ಚೆಯಿಲ್ಲದೆ ಎಲ್ಲವೂ ಮುಗಿಯಿತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಕಾನೂನು ಬದಲಾಗಲಿಲ್ಲ. ಫಾಕ್ಸ್‌ಕಾನ್‌ಗೆ ದೇವನಹಳ್ಳಿಯ 300 ಎಕರೆ ಹಸ್ತಾಂತರದ ಕೆಲಸವನ್ನು ಸಿದ್ದರಾಮಯ್ಯ ಸರ್ಕಾರ ಅಷ್ಟೇ ಉತ್ಸಾಹದಿಂದ ಮುಂದುವರಿಸಿತು. ಈ ಒಂದು ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಅಪೂರ್ವ ಒಮ್ಮತವಿದೆ.

ವ್ಯತ್ಯಾಸ ಕಾಣಬೇಕೆಂದರೆ 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಉದ್ದಿಮೆಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದ ಹುದ್ದೆಗಳ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ಪ್ರತಿಭಟಿಸಿತು, ಕಂಪನಿಗಳು ಬೇರೆ ರಾಜ್ಯಕ್ಕೆ ಹೋಗಬೇಕಾದೀತು ಎಂದಿತು. ಪಕ್ಕದ ರಾಜ್ಯದವರು ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆದೂಬಿಟ್ಟರು. ಒಂದೆರಡು ದಿನದಲ್ಲಿ ಮಸೂದೆ ತಡೆಹಿಡಿಯಲಾಯಿತು. ಆ ಮಸೂದೆ ಒಳ್ಳೆಯದಿತ್ತೆಂದು ನಾನು ವಾದಿಸುವುದಿಲ್ಲ, ಅದರಲ್ಲಿ ತೊಡಕುಗಳು ಸಾಕಷ್ಟಿದ್ದವು. ಆದರೆ ಉದ್ಯಮಕ್ಕೆ ಬೇಡವಾದ ಮಸೂದೆ ಸಂಪುಟದಿಂದ ಸದನಕ್ಕೆ ನಡೆದುಹೋಗುವಷ್ಟರಲ್ಲಿ ನಿಂತಿತು, ಉದ್ಯಮಕ್ಕೆ ಬೇಕಾದ ಮಸೂದೆ ಎರಡು ಸದನಗಳನ್ನೂ ಕೆಲವೇ ದಿನದಲ್ಲಿ ದಾಟಿತು.

ರಾಜ್ಯಗಳ ಈ ದೌರ್ಬಲ್ಯಕ್ಕೆ ಕಾರಣ ಗುಟ್ಟಿನದೇನಲ್ಲ. ಸುಂಕ, ವಿದೇಶಿ ಹೂಡಿಕೆಯ ನಿಯಮಗಳು ಕೇಂದ್ರದ ಕೈಯಲ್ಲಿವೆ. ಅಲ್ಲಿ ಮಾರುವವನು ಒಬ್ಬನೇ, ಅದು ಇಡೀ ಭಾರತದ ಮಾರುಕಟ್ಟೆ. ಭೂಮಿ, ನೀರು ರಾಜ್ಯದವು. ವಿದ್ಯುತ್, ಕಾರ್ಮಿಕ ಕಾನೂನು ಸಮವರ್ತಿ ಪಟ್ಟಿಯವು, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದವು. ಇಲ್ಲಿ ಮಾರುವವರು ಹತ್ತಾರು, ಒಬ್ಬರ ಅಂಗಡಿಯ ಮುಂದೆ ನಿಂತು ಇನ್ನೊಬ್ಬರ ಬೆಲೆ ಹೇಳಿದರೆ ಸಾಕು. 2022ರಲ್ಲಿ ವೇದಾಂತ–ಫಾಕ್ಸ್‌ಕಾನ್ ಚಿಪ್ ಯೋಜನೆ ಮಹಾರಾಷ್ಟ್ರ ಬಿಟ್ಟು ಗುಜರಾತಿಗೆ ಹೋದಾಗ ಮುಂಬೈಯಲ್ಲಿ ರಾಜಕೀಯ ಭೂಕಂಪವೇ ಆಯಿತು. ಮರುವರ್ಷ ಫಾಕ್ಸ್‌ಕಾನ್ ಆ ಯೋಜನೆಯಿಂದಲೇ ಹೊರಬಂತು.

ಹಾಗೆಂದು ದಿಲ್ಲಿ ಬಗ್ಗುವುದೇ ಇಲ್ಲವೆಂದಲ್ಲ. ಕಂಪನಿಯ ಹಿಂದೆ ಅದರ ತವರು ಸರ್ಕಾರ ನಿಂತಾಗ ಲೆಕ್ಕ ಬದಲಾಗುತ್ತದೆ. ‘ಗೂಗಲ್ ತೆರಿಗೆ’ ಎಂದು ಹೆಸರಾದ ಸಮೀಕರಣ ತೆರಿಗೆಯನ್ನು ಭಾರತ 2016ರಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ ಶೇ 6ರಂತೆ, 2020ರಲ್ಲಿ ವಿದೇಶಿ ಇ–ವಾಣಿಜ್ಯದ ಮೇಲೆ ಶೇ 2ರಂತೆ ವಿಧಿಸಿತು. ಅಮೆರಿಕ ತನಿಖೆ ನಡೆಸಿ, ಇದು ತನ್ನ ಕಂಪನಿಗಳಿಗೆ ಮಾಡುವ ತಾರತಮ್ಯ ಎಂದು ಹೇಳಿ, ಪ್ರತಿಸುಂಕದ ಬೆದರಿಕೆ ಹಾಕಿತು. ಶೇ 2ರ ತೆರಿಗೆ 2024ರ ಆಗಸ್ಟ್‌ನಲ್ಲಿ, ಶೇ 6ರದು 2025ರ ಏಪ್ರಿಲ್‌ನಲ್ಲಿ ಹೋಯಿತು. ಇನ್ನೊಂದೆಡೆ, 2023ರಲ್ಲಿ ತಿದ್ದಿದ ಸ್ಪರ್ಧಾ ಕಾನೂನಿನಲ್ಲಿ ಕಂಪನಿಯ ಜಾಗತಿಕ ವಹಿವಾಟಿನ ಆಧಾರದ ಮೇಲೆ ದಂಡ ಹಾಕಲು ಅವಕಾಶವಾಯಿತು. ತನಗೆ ಸುಮಾರು 38 ಶತಕೋಟಿ ಡಾಲರ್ ದಂಡ ಬೀಳಬಹುದು ಎಂದು ಆ್ಯಪಲ್ 2025ರಲ್ಲಿ ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಒಂದು ಕೈಯಲ್ಲಿ ಪ್ರೋತ್ಸಾಹಧನ ಪಡೆಯುವ ಫೋನು, ಇನ್ನೊಂದು ಕೈಯಲ್ಲಿ ಮೊಕದ್ದಮೆಯ ಕಡತ. ಸರ್ಕಾರ ಮತ್ತು ಕಂಪನಿಯ ಸಂಬಂಧ ಹೀಗೇ ಇರಬೇಕು ಎಂದು ನನಗನ್ನಿಸುತ್ತದೆ: ಇಬ್ಬರಿಗೂ ಸ್ವಲ್ಪ ಇರುಸುಮುರುಸು ಉಳಿಯುವಂತೆ.

ನರಸಾಪುರದ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ಮಾಲೀಕರು ಈಗ ಭಾರತೀಯರು, ಗಿರಾಕಿ ಮಾತ್ರ ಅದೇ. ಹಾಗಾಗಿ ‘ವಿದೇಶಿ ಕಂಪನಿ’ ಎಂದು ಬೆರಳು ತೋರಿಸಿದರೆ ಪಾಳಿಯ ಪ್ರಶ್ನೆ ಬಗೆಹರಿಯುವುದಿಲ್ಲ. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಯುವತಿಯರು, ಅನೇಕರಿಗೆ ಅದು ಬದುಕಿನ ಮೊದಲ ಸಂಬಳ. ಆ ಸಂಬಳದ ಬೆಲೆ ಗೊತ್ತಿರುವ ಯಾರೂ ಕಾರ್ಖಾನೆ ಬಾರದಿದ್ದರೆ ಚೆನ್ನಿತ್ತು ಎನ್ನುವುದಿಲ್ಲ.

2025ರ ನವೆಂಬರ್ 21ರಂದು ದೇಶದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾರ್ಖಾನೆಗಳ ಕಾಯ್ದೆಯ ಜಾಗದಲ್ಲಿ ಈಗ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಕುಳಿತಿದೆ. ದಿನದ ದುಡಿಮೆ ಎಂಟು ಗಂಟೆ ಎಂದು ಅದು ಹೇಳುತ್ತದೆ. ಆದರೆ ವಿರಾಮವೂ ಸೇರಿ ಆ ಎಂಟು ಗಂಟೆ ಎಷ್ಟು ಹೊತ್ತಿನವರೆಗೆ ಹರಡಬಹುದು, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆ ಎಷ್ಟು ಎಂಬ ಜಾಗಗಳನ್ನು ಖಾಲಿ ಬಿಟ್ಟು, ತುಂಬುವ ಕೆಲಸವನ್ನು ಸರ್ಕಾರಗಳಿಗೆ ವಹಿಸಿದೆ. ದೇವನಹಳ್ಳಿ, ನರಸಾಪುರಗಳ ಮಟ್ಟಿಗೆ ಆ ಸರ್ಕಾರ ವಿಧಾನಸೌಧದಲ್ಲಿದೆ. ನಿಯಮಗಳನ್ನು ಅಂತಿಮಗೊಳಿಸುವ ಮುನ್ನ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಕಂಪನಿಗಳ ವಕೀಲರು ಅದನ್ನು ಖಂಡಿತ ಓದುತ್ತಾರೆ.